ಕೆಂಪು ಕಾಣದ ಡಬ್ಬಿ

ಪುರವರದ ಬಣ್ಣದ ಪರ್ವತಯ್ಯನಿಗೆ ಅಂಗಡಿಗಳ ಬೋರ್ಡು ಬರೆಯುವುದು ಒಂದು ಕೆಲಸ, ಮೂಡಲಪಾಯ ಬಯಲಾಟದ ಮೇಳದವರ ಮುಖಕ್ಕೆ ವೇಷ ಬರೆಯುವುದು ಇನ್ನೊಂದು. ಎರಡರ ನಡುವೆ ಉಳಿದ ಹೊತ್ತನ್ನು ಅವನು ಜನರನ್ನು ತಾತ್ಸಾರ ಮಾಡುವುದಕ್ಕೆ ಇಟ್ಟುಕೊಂಡಿದ್ದ. ಬಣ್ಣವನ್ನು ನುಣ್ಣಗೆ ಅರೆಯದೆ ಮಾರುವ ಸಿರಾದ ಅಂಗಡಿಯವನು, ಕೆನ್ನೆಗೆ ಪೌಡರ್ ಬಡಿದುಕೊಂಡು ಅದನ್ನೇ ಮೇಕಪ್ಪು ಎನ್ನುವ ಕೊರಟಗೆರೆಯ ನಾಟಕದವರು, ಬಣ್ಣ ಆರುವ ಮೊದಲೇ ಬೀಡಿ ಕಚ್ಚುವ ಪಾವಗಡದ ವೇಷಧಾರಿಗಳು, ಯಾರೂ ಅವನ ಲೆಕ್ಕಕ್ಕೆ ಇರಲಿಲ್ಲ. ಫೋಟೋ ತೆಗೆಯುವವರಂತೂ ಅವರೆಲ್ಲರಿಗಿಂತ ಕೆಳಗೆ. ಇರುವ ಮುಖವನ್ನು ಇದ್ದ ಹಾಗೇ ತೋರಿಸುವುದಕ್ಕೂ ಅವರಿಗೆ ಕತ್ತಲೆ ಕೋಣೆ ಬೇಕು ಎಂದು ನಗುತ್ತಿದ್ದ.

ಅವನ ತಾತ್ಸಾರವನ್ನು ಜನ ಸಹಿಸುತ್ತಿದ್ದುದು ಅವನು ಬರೆಯುವ ಕೆಂಪು ರಾಕ್ಷಸನ ವೇಷದ ದೆಸೆಯಿಂದ. ಕೊಬ್ಬರಿ ಎಣ್ಣೆ ಸವರಿ, ಇಂಗಳೀಕದ ಕೆಂಪು ಬಳಿದು, ಕಣ್ಣ ಸುತ್ತ ಕಾಡಿಗೆ ತೀಡಿ, ಹುಬ್ಬಿನಿಂದ ಗಲ್ಲದವರೆಗೆ ಅಕ್ಕಿಹಿಟ್ಟಿನ ಬಿಳಿ ಚುಕ್ಕಿ ಇಡುತ್ತಿದ್ದ. ಪೆಟ್ರೊಮ್ಯಾಕ್ಸ್ ಬೆಳಕಿಗೆ ಆ ಎಣ್ಣೆ ಮಿಂಚಿದಾಗ ಮುಖ ಕೆಂಡದ ಹಾಗೆ ಉಸಿರಾಡುತ್ತಿತ್ತು. ಕೊನೆಯ ಚುಕ್ಕಿ ಇಟ್ಟ ಮೇಲೆ ಪ್ರತಿ ಸಲವೂ ಒಂದೇ ಮಾತು: "ಒಣಗೋಗಂಟ ಮಾತಾಡ್ಬ್ಯಾಡ."

ಆ ಮುಖವನ್ನು ಹೊತ್ತು ಕುಣಿಯುತ್ತಿದ್ದವನು ಹುಲಿಕುಂಟೆಯ ದೊಡ್ಡರಂಗಪ್ಪ. ಇಪ್ಪತ್ತೆರಡು ವರ್ಷ ಕುಣಿದು ಅವನ ಮಂಡಿ ಸದ್ದು ಮಾಡತೊಡಗಿತ್ತು. ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಬೆಂಗಳೂರಿನ ಕಚೇರಿಯೊಂದರಿಂದ ಮೇಳಕ್ಕೆ ಕಾಗದ ಬಂತು. ಮುಖ್ಯ ವೇಷದ ಫೋಟೋ ಕಳಿಸಬೇಕು, ಫೋಟೋ ನೋಡಿ ಜಿಲ್ಲೆಯಿಂದ ಒಂದು ಮೇಳವನ್ನು ಕರೆಯುತ್ತಾರೆ. ಮಂಡಿ ಪೂರ್ತಿ ಕೈಕೊಡುವ ಮೊದಲು ಬೆಂಗಳೂರಿನಲ್ಲಿ ಒಮ್ಮೆ ಕುಣಿಯಬೇಕೆಂಬುದೊಂದೇ ದೊಡ್ಡರಂಗಪ್ಪನ ಆಸೆ.

ಫೋಟೋ ತೆಗೆಸಲು ಇಬ್ಬರೂ ಹೋದ ಮಧುಗಿರಿಯ ರೇಣುಕಯ್ಯನ ಸ್ಟುಡಿಯೋದಲ್ಲಿ ಮೊಳೆಗೆ ಒಂದು ಕೋಟು ತೂಗುತ್ತಿತ್ತು. ತಾಲ್ಲೂಕಿನ ಮದುವೆ ಗಂಡುಗಳೆಲ್ಲ ಸರದಿಯಂತೆ ಅದನ್ನೇ ತೊಟ್ಟವರು. ಹಿಂದಿನ ಪರದೆಯ ಮೇಲೆ ಬರೆದ ಮೆಟ್ಟಿಲುಗಳನ್ನು ಪರ್ವತಯ್ಯ ಎಣಿಸಿದ. ದೂರ ಹೋದಂತೆ ಕಿರಿದಾಗಬೇಕಾದ ಮೆಟ್ಟಿಲುಗಳಲ್ಲಿ ಐದನೆಯದಕ್ಕಿಂತ ಆರನೆಯದು ದೊಡ್ಡದಿತ್ತು. ಸ್ಟುಡಿಯೋದವನ ಯೋಗ್ಯತೆ ಅವನಿಗೆ ಅಷ್ಟರಲ್ಲೇ ತಿಳಿಯಿತು. ವೇಷದ ಎಣ್ಣೆ ಹೊಳೆಯುತ್ತದೆ, ಸ್ವಲ್ಪ ಪೌಡರ್ ಒತ್ತುತ್ತೇನೆ ಎಂದು ರೇಣುಕಯ್ಯ ಬಂದಾಗ ಅವನ ಕೈಯನ್ನು ಪಕ್ಕಕ್ಕೆ ಸರಿಸಿದ.

ನಾಲ್ಕು ದಿನದ ಮೇಲೆ ಕಪ್ಪು ಬಿಳುಪಿನ ಫೋಟೋ ಕೈಗೆ ಬಂತು. ಕೆಂಪು ಮುಖ ಬೆಳ್ಳಗಾಗಿತ್ತು. ಬಿಳಿ ಚುಕ್ಕಿಗಳು ಅದರಲ್ಲಿ ಕರಗಿ, ಹುಡುಕಿದರೆ ಮಾತ್ರ ಸಿಗುವಂತಿದ್ದವು. ಎಣ್ಣೆ ಹೊಳೆದ ಕಡೆ, ಹಣೆಯ ಮೇಲೆ, ಸುಣ್ಣದ ಮಚ್ಚೆ.

"ಇದೇನಣ್ಣ," ಎಂದ ದೊಡ್ಡರಂಗಪ್ಪ ಸಣ್ಣ ದನಿಯಲ್ಲಿ, "ಹೆಣ್ಣು ನೋಡಾಕೆ ಹೊಂಟೋನಂಗೆ ಬಂದುಬುಟ್ಟಿವ್ನಲ್ಲ."

ಈ ಫಿಲಮ್ಮಿಗೆ ಕೆಂಪು ಬೆಳ್ಳಗೇ ಕಾಣುವುದು, ಬಲ್ಬಿನ ಬೆಳಕಿನಲ್ಲಿ ಇನ್ನೂ ಬೆಳ್ಳಗೆ ಎಂದು ರೇಣುಕಯ್ಯ ವಿವರಿಸಿದ. ನೀಲಿ ಹಚ್ಚಿಕೊಂಡು ಬಂದರೆ ಮುಖ ಕಪ್ಪಗೆ ಬಂದು ಚುಕ್ಕಿ ಎದ್ದು ಕಾಣುತ್ತದೆ.

ಪರ್ವತಯ್ಯ ಅವನತ್ತ ತಿರುಗದೆ ಕ್ಯಾಮೆರಾದತ್ತ ಗಲ್ಲ ಎತ್ತಿದ. "ನೋಡ್ದಾ ರಂಗ, ಕೆಂಪು ಕಾಣದಿರೋ ಡಬ್ಬಿ ಮಡಿಕ್ಕಂಡು ಅಂಗಡಿ ಬೇರೆ ತೆಗ್ದವ್ನೆ."

ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ಅಲ್ಲಿ ದೊಡ್ಡರಂಗಪ್ಪ ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ, ಒಂದೇ ಒಂದು ಸಲ ನೀಲಿ ಬರೆ, ಆ ಡಬ್ಬಿಗೋಸ್ಕರ ಎಂದು ಕೇಳಿಕೊಂಡ. ಮಂಡಿಯನ್ನು ನೋಡಿ ಪರ್ವತಯ್ಯ ಒಪ್ಪಿದ.

ಬಟ್ಟೆಗೆ ಹಾಕುವ ನೀಲಿಯನ್ನು ಕಾಡಿಗೆಯೊಂದಿಗೆ ಕಲಸಿ ಅವನು ಬರೆದ ಮುಖ ಬಾವಿಯಿಂದ ಎತ್ತಿದ ಹೆಣದ ಹಾಗಿತ್ತು. ದೊಡ್ಡರಂಗಪ್ಪನಿಗೆ ಕನ್ನಡಿ ಕೊಡಲಿಲ್ಲ. ಫೋಟೋ ಮಾತ್ರ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುವಂತೆ ಬಂತು. ಕಪ್ಪು ಮುಖ, ಬೆಂಕಿಯ ಕಿಡಿಗಳಂತೆ ಚುಕ್ಕಿ. ಅದು ಚೆನ್ನಾಗಿ ಬಂದದ್ದೇ ಪರ್ವತಯ್ಯನಿಗೆ ಅವಮಾನ. ಕೆಟ್ಟು ಹೋದ ಮೊದಲಿನ ಫೋಟೋವನ್ನು ಡಬ್ಬಿಯ ದಡ್ಡತನಕ್ಕೆ ಸಾಕ್ಷಿಯೆಂದು ಬಣ್ಣದ ಪೆಟ್ಟಿಗೆಯ ತಳಕ್ಕೆ ಹಾಸಿಕೊಂಡ.

ಆ ಕಪ್ಪು ಫೋಟೋದ ಒಂದು ಪ್ರತಿ ನೋಡಿ ಬೆಂಗಳೂರಿನವರು ಈ ಮೇಳವನ್ನೇ ಕರೆದರು.

ಅಲ್ಲಿ ಪರ್ವತಯ್ಯ ತನ್ನ ಕೆಂಪು ಬರೆದು ಮುಗಿಸಿದ್ದ. ಕನ್ನಡಕದ ಅಧಿಕಾರಿಯೊಬ್ಬ ಫೋಟೋ ಹಿಡಿದು ಒಳಗೆ ಬಂದು, ನಾವು ಆರಿಸಿದ್ದು ಈ ವೇಷವನ್ನು, ಇದೇನು ಬೇರೆ ಎಂದ. ಬೇರೆಯಲ್ಲ ಸ್ವಾಮಿ, ನಿಜವಾದ ವೇಷ ಇದು, ಅದು ಕ್ಯಾಮೆರಾಕ್ಕೆ ಮಾಡಿದ್ದು ಎಂದು ಪರ್ವತಯ್ಯ ಹೇಳಿದ. ಅವನು ಯಾರಿಗಾದರೂ ಅಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದ್ದು ಅದೇ ಮೊದಲು. ಅಧಿಕಾರಿ ಎರಡನ್ನೂ ನೋಡಿ, ಇರಲಿ, ಇದೇ ಚೆನ್ನಾಗಿದೆ ಎಂದು ಫೋಟೋವನ್ನು ತಟ್ಟಿ ಹೋದ.

ಪೆಟ್ಟಿಗೆಯಲ್ಲಿ ನೀಲಿ ಇಲ್ಲ ಎಂದು ಪರ್ವತಯ್ಯ ಸಮಾಧಾನದಿಂದ ಕೂತ. ದೊಡ್ಡರಂಗಪ್ಪ ಕೆಂಪು ಮುಖದಲ್ಲೇ ಬೀದಿಗೆ ಹೋಗಿ, ಅಂಗಡಿಯಿಂದ ನೀಲಿಯ ಪೊಟ್ಟಣ ತಂದು ಅವನ ಮುಂದೆ ಇಟ್ಟ.

"ಇಲ್ಲಿಗಂಟ ಬಂದಿವ್ನಿ ಪರ್ವತಣ್ಣ. ಕುಣೀದೆ ಹೆಂಗೋಗ್ಲಿ?"

"ನೀನೇ ಬಳ್ಕ. ಗ್ವಾಡೆಗೆ ಬಳ್ದಂಗೆ ಬಳ್ಕ."

ಬಳಿದುಕೊಂಡ. ಪರ್ವತಯ್ಯ ಕೊನೆಯ ಸಾಲಿನ ಹಿಂದೆ ನಿಂತು ನೋಡಿದ. ಅಲ್ಲಿಗೆ ಮುಖವೇ ಕಾಣಲಿಲ್ಲ. ಕತ್ತಲೆಯ ತುಂಡೊಂದರ ಮೇಲೆ ಚುಕ್ಕಿಗಳು ಮಾತ್ರ ಹಾರಾಡಿದವು. ಜನ ಚಪ್ಪಾಳೆ ತಟ್ಟಿದರು. ತಟ್ಟಿದವರ ಮೇಲೂ ಅವನಿಗೆ ತಾತ್ಸಾರ ಹುಟ್ಟಿತು. ಅಂದಿನಿಂದ ಅವನು ದೊಡ್ಡರಂಗಪ್ಪನ ಮುಖ ಮುಟ್ಟಲಿಲ್ಲ, ಮಾತೂ ಆಡಲಿಲ್ಲ.

ಒಂಬತ್ತು ವರ್ಷ ಕಳೆಯಿತು. ದೊಡ್ಡರಂಗಪ್ಪನ ಕುಣಿತ ನಿಂತಿತ್ತು. ಅವನು ಕೋಲೂರಿಕೊಂಡು ಪುರವರಕ್ಕೆ ಬಂದಾಗ ಪರ್ವತಯ್ಯ ಗೊಬ್ಬರದ ಅಂಗಡಿಯ ಬೋರ್ಡು ಬರೆಯುತ್ತಿದ್ದ. ದೊಡ್ಡರಂಗಪ್ಪ ಬಟ್ಟೆಯಲ್ಲಿ ಸುತ್ತಿ ತಂದದ್ದು ಆ ಕಪ್ಪು ಫೋಟೋವನ್ನು. ಅವನ ಹೆಂಡತಿ ಭೀಮಕ್ಕ ಅದನ್ನು ಗೋಡೆಗೆ ಹಾಕಲು ಬಿಟ್ಟಿರಲಿಲ್ಲ. ಇಪ್ಪತ್ತು ವರ್ಷ ಚಾಪೆ ಹಾಸಿ ಕೂತು ನೋಡಿದ ಮುಖ ಇದಲ್ಲ, ಇದು ಯಾರದೋ ಎಂದಿದ್ದಳು. ಕೆಂಪು ಹಾಕಿಸೋಣವೆಂದು ರೇಣುಕಯ್ಯನಿಗೆ ಕೊಟ್ಟರೆ, ಕಪ್ಪಿನ ಮೇಲೆ ಅವನ ಬಣ್ಣ ಹತ್ತಿರಲಿಲ್ಲ.

"ಹತ್ತಾಕಿಲ್ಲ," ಎಂದ ಪರ್ವತಯ್ಯ. ಒಂಬತ್ತು ವರ್ಷದಲ್ಲಿ ಅವನಾಡಿದ ಮೊದಲ ಮಾತು. "ಅಷ್ಟೂ ಗೊತ್ತಿಲ್ಲ ಆ ಬಡ್ಡಿಮಗನ್ಗೆ."

ಕುಂಚ ಒರೆಸಿಟ್ಟು ಒಳಗೆ ಹೋದ. ಪೆಟ್ಟಿಗೆಯ ತಳದಿಂದ ಆ ಬಿಳಿಚಿದ ಫೋಟೋವನ್ನು ಎಬ್ಬಿಸಿ ತಂದ. ಅಂಚೆಲ್ಲ ಎಣ್ಣೆ ಕುಡಿದು ಹಳದಿಯಾಗಿತ್ತು. ಮುಖ ಮಾತ್ರ ಏನೂ ಬರೆಯದ ಬೋರ್ಡಿನಂತೆ ಖಾಲಿಯಿತ್ತು. ಇಂಗಳೀಕವನ್ನು ತೆಳ್ಳಗೆ ಕಲಸಿ, ಸುಳಿವಷ್ಟೇ ಉಳಿದಿದ್ದ ಚುಕ್ಕಿಗಳನ್ನು ಒಂದೊಂದಾಗಿ ಬಿಟ್ಟು ಬಿಟ್ಟು, ಅವುಗಳ ನಡುವೆ ಕೆಂಪು ತುಂಬುತ್ತ ಬಂದ. ಹಣೆಯ ಸುಣ್ಣದ ಮಚ್ಚೆಯ ಮೇಲೆ ಬಣ್ಣ ಎಲ್ಲಕ್ಕಿಂತ ಚೆನ್ನಾಗಿ ಕೂತು, ಪೆಟ್ರೊಮ್ಯಾಕ್ಸಿಗೆ ಎಣ್ಣೆ ಮಿಂಚಿದ ಹಾಗೇ ಮಿಂಚಿತು. ಆ ಡಬ್ಬಿ ತಿಳಿಯದೆ ಮಾಡಿದ ಒಂದೇ ಒಳ್ಳೆಯ ಕೆಲಸ ಎಂದುಕೊಂಡ.

ದೊಡ್ಡರಂಗಪ್ಪ ಕೋಲಿನ ಮೇಲೆ ಬಾಗಿ ತನ್ನ ಮುಖ ಏಳುವುದನ್ನು ನೋಡುತ್ತಿದ್ದ.

"ಪರ್ವತಣ್ಣ, ಅವತ್ತು ನಾನು..."

"ಒಣಗೋಗಂಟ ಮಾತಾಡ್ಬ್ಯಾಡ," ಎಂದ ಪರ್ವತಯ್ಯ.