ಎಲೆ ನೋಡುವ ಬಸಲಿಂಗವ್ವ
ತಡಸ ಊರಿನಲ್ಲಿ ಕೋಳಿಗೆ ಹೆದರಿ ಮನೆಯೊಳಗೆ ಬೆಳೆಸಿದ ಮೆಣಸಿನ ಸಸಿ ಹಳದಿಯಾದರೆ ಬಸಲಿಂಗವ್ವನಿಗೇ ಹೇಳಿಕಳಿಸಬೇಕು. ಆಕೆ ಎಲೆಯ ಬೆನ್ನು ನೋಡುವಳು, ಮಣ್ಣಿಗೆ ಬೆರಳಿಟ್ಟು ಮೂಸುವಳು, ಚಹಾ ಬರುವತನಕ ರೋಗದ ಹೆಸರು ಮಾತ್ರ ಹೇಳಳು. ಚಹಾಕ್ಕೆ ಬೆಲ್ಲ ಸಾಲದಿದ್ದರೆ ಸಸಿ ಬದುಕುವುದೂ ಅನುಮಾನವೇ. ಒಮ್ಮೆ ಆಕೆಯನ್ನು ಮನೆಗೆ ಕರೆಸಿದ ಗೌರವ್ವ, "ನಮ್ಮ ಸೊಸಿ ಕೈಗುಣನ ಹಂಗೈತ್ರಿ, ಮುಟ್ಟಿದ್ದೆಲ್ಲಾ ಹಳದಿ" ಎಂದಳು. ಸೊಸೆ ನೀಲವ್ವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬಸಲಿಂಗವ್ವ ಸಸಿ ನೆಟ್ಟ ಹಳೆಯ ಎಣ್ಣೆಡಬ್ಬಿಯನ್ನು ಎತ್ತಿ ತಳ ನೋಡಿದಳು. "ಒಂದ ತೂತಿಲ್ಲ, ಬೇರು ನೀರಾಗ ಕೊಳ್ಯಾಕತ್ತಾವ. ಈ ಡಬ್ಬಿ ಕೊಟ್ಟಾಕಿ ಯಾರವ್ವಾ?" ಕೊಟ್ಟಿದ್ದ ಗೌರವ್ವ ಚಹಾಕ್ಕೆ ಇನ್ನಷ್ಟು ಬೆಲ್ಲ ಹಾಕಿದಳು. "ನಮ್ಮತ್ತಿ ನನ್ನ ಕೈಗೂ ಹಿಂಗ ಹೆಸರಿಟ್ಟು ಹನ್ನೆರಡು ವರ್ಷ ಬೀಜ ಮುಟ್ಟಗೊಡಲಿಲ್ಲ" ಎನ್ನುತ್ತ ಬಸಲಿಂಗವ್ವ ಮೊಳೆ, ಕಲ್ಲು ಎರಡನ್ನೂ ನೀಲವ್ವನ ಕೈಗೇ ಕೊಟ್ಟಳು. "ತಳಕ್ಕ ತೂತು ಹೊಡಿ, ಮಗಳ." ಕಪ್ಪು ನೀರು ಸುರಿಯತೊಡಗಿದಾಗ ಗೌರವ್ವನೇ ಓಡಿಹೋಗಿ ಬೋಗುಣಿ ತಂದು ಹಿಡಿದಳು.