ಹಿಂದಿನ ಸೀಟಿನ ಎತ್ತರ

ಹೆಂಡತಿಯ ಸೊಂಟದ ಮೂಳೆ ಕೂಡಿಕೊಂಡು, ಅವಳು ಮತ್ತೆ ಕೆಲಸಕ್ಕೆ ಹೋಗುವ ದಿನ ಹತ್ತಿರ ಬಂದಾಗ ನಾವು ಬೈಕು ನೋಡಲು ಶುರು ಮಾಡಿದೆವು. ನಮ್ಮ ಮನೆ ಸಂಡೂರಿನಲ್ಲಿ. ಬಂಡ್ರಿಯಿಂದ ನಾಲ್ಕು ಕಿಲೋಮೀಟರು ಒಳಗೆ ಹೋದರೆ ಸಿಗುವ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಅವಳು ನರ್ಸು. ನಾನು ಗಣಿ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್. ಬಸ್ಸು ಬಂಡ್ರಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ಅಷ್ಟು ದೂರ ಅವಳು ನಡೆಯುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ಕಲ್ಲುದಾರಿಗೆ ಸ್ಕೂಟರಿನ ಸಣ್ಣ ಗಾಲಿ ಆಗಿಬರುವುದಿಲ್ಲ. ಹಾಗಾಗಿ ಸಣ್ಣದೊಂದು ಬೈಕೇ ಬೇಕಾಗಿತ್ತು.

ಹಳೆಯ ಬೈಕು ಬಿದ್ದದ್ದು ಎಂಟು ತಿಂಗಳ ಹಿಂದೆ. ಸಂಜೆ ಅವಳನ್ನು ಕರೆದುಕೊಂಡು ಬರುತ್ತಿದ್ದೆ. ಮುಂದೆ ಅದಿರು ತುಂಬಿದ ಲಾರಿ, ರಸ್ತೆಯ ತುಂಬ ಕೆಂಪು ಪುಡಿ. ಲಾರಿ ನಿಧಾನ ಮಾಡಿತು, ನಾನು ಬ್ರೇಕು ಒತ್ತಿದೆ, ಬೈಕು ಅಡ್ಡಲಾಗಿ ಜಾರಿತು. ನನ್ನ ಮೊಣಕೈ ತರಚಿತು, ಅಷ್ಟೇ. ಅವಳು ಲಾರಿಯ ಹಿಂದಿನ ಕಬ್ಬಿಣಕ್ಕೆ ಬಡಿದು ಬಿದ್ದಳು. ಇಳಿದು ಓಡಿ ಬಂದು, ಹಿಂದೆ ಬರುತ್ತಿದ್ದ ಜೀಪನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಅದರಲ್ಲಿ ಅವಳನ್ನು ಮಲಗಿಸಿದವನು ಆ ಲಾರಿಯ ಡ್ರೈವರೇ. ಆಸ್ಪತ್ರೆಗೆ ಬಂದ ಪೊಲೀಸರಿಗೆ ನಾನು ಹೇಳಿದ್ದು ಮಾತ್ರ ಬೇರೆ: ಲಾರಿಯ ಬ್ರೇಕ್ ಲೈಟು ಉರಿಯುತ್ತಿರಲಿಲ್ಲ, ಅವನು ಗಕ್ಕನೆ ನಿಲ್ಲಿಸಿದ. ನೆಂಟರಿಗೂ ಅದನ್ನೇ ಹೇಳಿದೆ. ಹೇಳಿ ಹೇಳಿ ಮಾತು ನಯವಾಯಿತು.

ಬೈಕು ಆರಿಸುವಾಗ ನಾನು ಅತಿಯಾಗಿಯೇ ತಲೆ ಕೆಡಿಸಿಕೊಂಡೆ. ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದೆ. ನೂರು ಸಿಸಿಯದು ಹಗುರ, ಪೆಟ್ರೋಲು ಕಮ್ಮಿ ಕುಡಿಯುತ್ತದೆ, ಆದರೆ ಇಬ್ಬರು ಕೂತರೆ ಏರಿನಲ್ಲಿ ಏದುಸಿರು ಬಿಡುತ್ತದೆ. ನೂರಿಪ್ಪತ್ತೈದರದ್ದು ಗಟ್ಟಿ, ಮುಂದೆ ಡಿಸ್ಕ್ ಬ್ರೇಕು, ಆದರೆ ಎತ್ತರ. ನಡುವಿನದು ನೂರಾ ಹತ್ತು. ಸೀಟು ಉದ್ದ, ತುಸು ತಗ್ಗು, ಆದರೆ ಎರಡೂ ಕಡೆ ಡ್ರಮ್ ಬ್ರೇಕು. ಯಾವುದೋ ಒಂದು ಬೈಕಿನಲ್ಲಿ ಆ ಸಂಜೆಯನ್ನು ಅಳಿಸುವ ಗುಣ ಇದ್ದೀತು ಎನ್ನುವಂತೆ ಹುಡುಕುತ್ತಿದ್ದೆ. ಹೆಂಡತಿ ಮಾತ್ರ, "ನನಗ ಯಾವುದಾದ್ರೂ ನಡೀತೈತ್ರೀ" ಅನ್ನುತ್ತಿದ್ದಳು.

ಮೊದಲ ಶನಿವಾರ ಬಸ್ಸಿನಲ್ಲಿ ಹೊಸಪೇಟೆಗೆ ಹೋದೆವು. ಶೋರೂಮಿನ ಹುಡುಗಿ ಚುರುಕಾಗಿದ್ದಳು. ನೂರರ ಬೈಕನ್ನು ಒರೆಸಿ ತೋರಿಸುತ್ತಾ, "ಲೀಟರಿಗೆ ಎಪ್ಪತ್ತು ಬರತೈತಿ ಸರ್, ಕಣ್ಣು ಮುಚ್ಚಿಕೊಂಡು ತಗೊಳ್ರಿ" ಅಂದಳು. ನಂತರ ನನ್ನ ಹೆಂಡತಿಯ ಕಡೆ ತಿರುಗಿ, "ಅಕ್ಕಾರ, ಒಮ್ಮೆ ಕುಂತು ನೋಡ್ರಿ. ಸೀರಿ ಗಾರ್ಡು ಕಂಪನಿದ ಐತಿ" ಎಂದಳು.

ಹೆಂಡತಿ ಒಂದು ಕೈ ನನ್ನ ಹೆಗಲ ಮೇಲಿಟ್ಟು, ಪಾದ ಇಡುವ ಪಟ್ಟಿಯ ಮೇಲೆ ಎಡಗಾಲಿಟ್ಟಳು. ಮೇಲೇಳಲು ಹೋದಾಗ ಸೊಂಟ ಹಿಡಿಯಿತು. ಎರಡನೇ ಸಲ ಕೂತಳು. ಮುಖದಲ್ಲಿ ಬೆವರು. ಅಲ್ಲಿಂದ ಎತ್ತರದ ನೂರಿಪ್ಪತ್ತೈದಕ್ಕೆ ಹೋದರೆ ಅವಳಿಗೆ ಹತ್ತಲೇ ಆಗಲಿಲ್ಲ. ನಾನು ಡಿಸ್ಕ್ ಬ್ರೇಕಿನ ಆಸೆ ಬಿಡಲಾರದೆ, "ಸಣ್ಣ ಸ್ಟೂಲ್ ಇಟ್ರ ಹತ್ತಬಹುದು" ಅಂದೆ.

"ದಾರ್ಯಾಗ ಇಳಿದ್ರ ಸ್ಟೂಲ್ ಎಲ್ಲಿಂದ ತರ್ತೀರಿ?" ಎಂದಳು ಅವಳು. ಹುಡುಗಿ ನಕ್ಕಳು. ನಾನೂ ನಗಲು ನೋಡಿದೆ.

ಮುಂದಿನ ಶನಿವಾರ ಇನ್ನೊಂದು ಶೋರೂಮು. ಅಲ್ಲಿದ್ದವರು ನಡುವಯಸ್ಸಿನವರು, ಮೊದಲು ಮೆಕ್ಯಾನಿಕ್ ಆಗಿದ್ದವರಂತೆ. ನೂರಾ ಹತ್ತರ ಬೈಕಿನ ಸೀಟು ತಗ್ಗಿತ್ತು. ಹೆಂಡತಿ ಒಂದೇ ಸಲಕ್ಕೆ ಕೂತಳು. ಕೂತವಳು ಸ್ವಲ್ಪ ಹೊತ್ತು ಇಳಿಯಲಿಲ್ಲ. ಅವರು, "ಹಿಂದಿನ ಬ್ರೇಕ್ ತುಳಿದ್ರ ಮುಂದಿನದೂ ಹಿಡಿತೈತ್ರಿ, ಡ್ರಮ್ ಅಂತ ಹೆದರಬ್ಯಾಡ್ರಿ" ಎಂದು ಹೇಳಿ, "ಹಳೇ ಗಾಡಿ ಎಕ್ಸ್‌ಚೇಂಜಿಗೆ ಐತೇನ್ರಿ?" ಎಂದು ಕೇಳಿದರು.

"ಇಲ್ರಿ. ಲಾರಿಯವ ಹಾಳು ಮಾಡಿದ. ಗುಜರಿಗೆ ಹಾಕಿದ್ವಿ," ಅಂದೆ.

ಹೆಂಡತಿ ಸೀಟಿನ ಮೇಲಿಂದಲೇ ಅವರನ್ನು ಕೇಳಿದಳು: "ಅಣ್ಣಾರ, ಟೈರು ಎಷ್ಟು ಸವೆದ್ರ ಬದಲಿ ಮಾಡಬೇಕ್ರಿ?"

ಅವರು ಕುಕ್ಕರುಗಾಲಲ್ಲಿ ಕೂತು ಹಿಂದಿನ ಟೈರಿನ ಗೀರಿನೊಳಗೆ ಬೆರಳಿಟ್ಟು ತೋರಿಸಿದರು. "ಇಲ್ಲಿ ಸಣ್ಣ ಉಬ್ಬು ಐತಿ ನೋಡ್ರಿ. ಟೈರು ಇದರ ಮಟ್ಟಕ್ಕ ಬಂತಂದ್ರ ಮುಗೀತು."

"ಆ ಗೀರೂ ಕಾಣದಂಗ ಸವೆದಿದ್ರ?"

"ಹಂಗಿದ್ರ ಗಾಡಿ ಹೊರಗ ತಗೀಬಾರ್ದ್ರಿ ಅಕ್ಕಾರ. ಈ ಅದಿರಿನ ಧೂಳಿನ್ಯಾಗ ಸಾಬೂನಿನಂಗ ಜಾರತೈತಿ."

ಅವಳು ನನ್ನ ಕಡೆ ನೋಡಲಿಲ್ಲ. ನಿಧಾನ ಇಳಿದು, ಸೆರಗು ಸರಿ ಮಾಡಿಕೊಂಡು ಹೊರಗೆ ಹೋಗಿ ನಿಂತಳು. ನಾನು ಬೆಲೆ ಕೇಳದೆ ಅವಳ ಹಿಂದೆಯೇ ಹೊರಟೆ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಸಂಡೂರಿನ ಬಸ್ಸು ಬರಲು ಇನ್ನೂ ಹೊತ್ತಿತ್ತು. ಹಳೆಯ ಬೈಕಿನ ಹಿಂದಿನ ಟೈರು ಬೋಳಾಗಿತ್ತು. ಬದಲಿಸಿ ಎಂದು ಅವಳು ಮಳೆಗಾಲದಿಂದ ಹೇಳುತ್ತಿದ್ದಳು. ಬರುವ ವಾರ, ಬರುವ ವಾರ ಎಂದು ನಾನು ದೂಡಿದ್ದೆ. ಲಾರಿಯ ಬ್ರೇಕ್ ಲೈಟು ಅಂದು ಚೆನ್ನಾಗಿಯೇ ಉರಿದಿತ್ತು. ಅದರ ಕೆಂಪು ಬೆಳಕು ಧೂಳಿನಲ್ಲಿ ಹರಡಿದ್ದು ನನಗೆ ಈಗಲೂ ಕಾಣುತ್ತದೆ. ಇದನ್ನು ನಾನು ಅವಳಿಗೆ ಬಾಯಿಬಿಟ್ಟು ಹೇಳಿದ್ದು ಆ ಬೆಂಚಿನ ಮೇಲೆಯೇ ಮೊದಲು.

"ನನಗ ಗೊತ್ತೈತಿ. ನಾನೂ ಹಿಂದ ಕುಂತಿದ್ನಲ್ಲ, ಲೈಟ್ ನನಗೂ ಕಂಡಿತ್ತು," ಎಂದಳು.

"ಮತ್ತ ಯಾಕ ಸುಮ್ಮನಿದ್ದಿ?"

"ಆ ಲಾರಿ ಡ್ರೈವರ ಆಸ್ಪತ್ರಿಗೆ ಎರಡು ಸಲ ಬಂದಿದ್ದ, ನೀವು ಡ್ಯೂಟಿಗೆ ಹೋದಾಗ. ಎಳನೀರು ತಂದಿದ್ದ. ಎರಡನೇ ಸಲ ಬಂದಾಗ, ಮಾಲಕ ಕೆಲಸ ಬಿಡಿಸಿದ ಅಕ್ಕಾರ, ಲೈಸೆನ್ಸೂ ಸ್ಟೇಷನ್‌ನ್ಯಾಗ ಐತಿ ಅಂದ. ನನ್ನಿಂದ ಏನೂ ಹೇಳಾಕ ಆಗಲಿಲ್ಲ. ನಿಮ್ಮ ಮರ್ಯಾದಿ ಅಂತ ಸುಮ್ಮನಾದೆ. ಆಮ್ಯಾಲ ಆತ ಬರಲಿಲ್ಲ."

ಅವಳು ಎಂಟು ತಿಂಗಳು ಸೊಂಟದ ನೋವಿನ ಜೊತೆ ಇದನ್ನೂ ಹೊತ್ತುಕೊಂಡಿದ್ದಳು. ನಾನು ಅವಳಿಗೆ ಮಾತ್ರೆ ಕೊಡುವಾಗ, ಬಿಸಿನೀರು ಕಾಯಿಸುವಾಗ, ಗಂಡನ ಸೇವೆ ಎಂದು ಅಕ್ಕಪಕ್ಕದವರು ಹೊಗಳುವಾಗ ಅವಳು ಸುಮ್ಮನೆ ಗೋಡೆ ನೋಡುತ್ತಿದ್ದುದು ಯಾಕೆಂದು ಅಂದು ತಿಳಿಯಿತು.

"ಗಾಡಿ ಯಾವುದಾದ್ರೂ ತಗೊಳ್ರಿ," ಎಂದಳು, ಬಸ್ಸು ಹತ್ತುವಾಗ. "ಮೊದಲು ಆತನ ಕಡೆ ಹೋಗಿ ಬರ್ರಿ."

ನೂರಾ ಹತ್ತರದ್ದನ್ನೇ ತೆಗೆದುಕೊಂಡೆವು. ಪೂಜೆ ಮಾಡಿಸಿದ ಮರುದಿನ ಒಬ್ಬನೇ ಹೊಸಪೇಟೆ ಮೇಲಿಂದ ಮರಿಯಮ್ಮನಹಳ್ಳಿಗೆ ಹೊರಟೆ. ಅವನ ಊರು ಅದೇ ಎಂದು ಹೆಂಡತಿಗೆ ಹೇಳಿದ್ದನಂತೆ. ಹೈವೇಯಲ್ಲಿ ಲಾರಿಗಳು ಪಕ್ಕದಲ್ಲಿ ಹಾದಾಗಲೆಲ್ಲ ಹ್ಯಾಂಡಲ್ ಹಿಡಿದ ಕೈ ಬಿಗಿಯುತ್ತಿತ್ತು. ಲಾರಿ ನಿಲ್ಲುವ ಹೋಟೆಲಿನಲ್ಲಿ ಕೇಳಿ, ಅವನಿದ್ದ ಹೊಲ ಹುಡುಕಿದೆ. ಯಾರದೋ ಟ್ರ್ಯಾಕ್ಟರಿನ ಮೇಲೆ ಕೂತು ಮೆಕ್ಕೆಜೋಳದ ಚೀಲ ಹೇರಿಸುತ್ತಿದ್ದ. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದ. ಇಳಿಯಲಿಲ್ಲ.

"ಅಕ್ಕಾರು ನಡೀತಾರೇನ್ರಿ ಈಗ?" ಎಂದು ಕೇಳಿದ.

"ನಡೀತಾಳ," ಎಂದೆ. ಆಮೇಲೆ ಎಲ್ಲ ಹೇಳಿದೆ, ಟೈರಿನಿಂದ ಹಿಡಿದು ಪೊಲೀಸರಿಗೆ ಕೊಟ್ಟ ಹೇಳಿಕೆಯವರೆಗೆ. ಅವನು ಬೈಯಬಹುದು, ಹೊಡೆಯಬಹುದು ಎಂದು ತಯಾರಾಗಿ ಹೋಗಿದ್ದೆ. ಅವನು ಎಂಜಿನ್ ಆಫ್ ಮಾಡಿ ಕೇಳಿಸಿಕೊಂಡ.

"ಲೈಟ್ ಉರೀತಿತ್ತು ಅಂತ ನಾನು ಎಷ್ಟು ಸಲ ಹೇಳಿದೆ, ಗೊತ್ತೇನ್ರಿ ನಿಮಗ?" ಎಂದ. "ಕಡೀಕ ನನಗೇ ಅನುಮಾನ ಬಂತು. ಉರೀತಿರಲಿಲ್ಲೇನೋ ಅಂತ. ಮನ್ಯಾಗ ನನ್ನ ಹೆಂಡ್ತಿನೂ ಹಂಗ ಅಂದ್ಲು."

ಅವನು ಟ್ರ್ಯಾಕ್ಟರಿನಿಂದ ಇಳಿದು ನನ್ನೆದುರು ನಿಂತ.

"ಈಗ ಬಂದು ನನಗ ಹೇಳಿದ್ರೇನು ಬಂತು? ಬರೆದು ಕೊಡ್ತೀರಾ?"

ಬರೆದುಕೊಟ್ಟೆ. ಮರುವಾರ ನಾನೂ ಅವನೂ ಸ್ಟೇಷನ್ನಿಗೆ ಹೋದೆವು. ಅಲ್ಲಿ ಕುರ್ಚಿಯಲ್ಲಿದ್ದವರು ನನ್ನನ್ನು ನಿಲ್ಲಿಸಿಯೇ ಬೈದರು. ಬೈಸಿಕೊಂಡೆ. ಮೂರ್ನಾಲ್ಕು ಸಲ ಓಡಾಡಿದ ಮೇಲೆ ಅವನ ಲೈಸೆನ್ಸು ಕೈಗೆ ಬಂತು. ಹಳೆಯ ಮಾಲೀಕ ಅವನನ್ನು ಕರೆಯಲಿಲ್ಲ. ಕಂಪ್ಲಿ ಕಡೆ ಅಕ್ಕಿಗಿರಣಿಯೊಂದರ ಲಾರಿಗೆ ಸೇರಿದ್ದಾನೆ ಎಂದು ಆಮೇಲೆ ಫೋನಿನಲ್ಲಿ ಹೇಳಿದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೆಂಟರಿಗೂ ಒಬ್ಬೊಬ್ಬರಾಗಿ ನಿಜ ಹೇಳಿದೆ. ಕೆಲವರು ಮನೆಗೆ ಬರುವುದು ಬಿಟ್ಟರು.

ಹೆಂಡತಿ ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ. ಸಂಡೂರಿನಿಂದ ಬಂಡ್ರಿಯವರೆಗೆ ಬಸ್ಸಿನಲ್ಲೇ ಹೋಗುತ್ತಾಳೆ. ನಾನು ಬಸ್ಸಿನ ಹಿಂದೆ ಬೈಕಿನಲ್ಲಿ ಹೋಗಿ, ಅವಳು ಇಳಿದ ಮೇಲೆ ಆ ನಾಲ್ಕು ಕಿಲೋಮೀಟರು ಬಿಟ್ಟು ಬರುತ್ತೇನೆ. ಲಾರಿಗಳು ಓಡಾಡುವ ರಸ್ತೆಯಲ್ಲಿ ನನ್ನ ಹಿಂದೆ ಅವಳು ಇನ್ನೂ ಕೂತಿಲ್ಲ. ಕೂರು ಎಂದು ನಾನೂ ಹೇಳಿಲ್ಲ.