ರೊಟ್ಟಿಯ ಸಪ್ಪಳಕ್ಕೆ ನಡೆದ ನಾಡಿ

ವಿಚಿತ್ರ ಅನುಭವಗಳನ್ನು ಹೇಳುವವರ ಮುಂದೆ ನಾನು ಯಾವತ್ತೂ ಮೂಗು ಮುರಿದವಳೇ. ಸಿಂದಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಹೃದಯ ಮೆದುಳಿನ ಅಪ್ಪಣೆಗೂ ಕಾಯುವುದಿಲ್ಲ, ಅದರದೇ ಕೆಲವು ಜೀವಕೋಶಗಳು ಸಣ್ಣ ವಿದ್ಯುತ್ತು ಹುಟ್ಟಿಸುತ್ತವೆ, ಅದು ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಹರಿದರೆ ಒಂದು ಬಡಿತ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ನಮ್ಮೂರು ಯಂಕಂಚಿಯ ಮನೆಯಲ್ಲಿ ಅವ್ವ ಬಟ್ಟೆ ಒಣಹಾಕುತ್ತಲೇ ಕಣ್ಣು ಕತ್ತಲಿಟ್ಟು ಬಿದ್ದಳು. ಎಚ್ಚರ ತಪ್ಪಿದ್ದವಳನ್ನು ಸಿಂದಗಿಯ ದವಾಖಾನೆಗೆ ತಂದೆವು. ಡಾಕ್ಟರು ಇಸಿಜಿ ನೋಡಿ ನನ್ನನ್ನು ಬದಿಗೆ ಕರೆದರು.

"ಟೀಚರ್, ಮ್ಯಾಲಿನ ಕರೆಂಟು ಕೆಳಗ ಇಳಿಯಾಕತ್ತಿಲ್ರಿ. ಕೆಳಗಿಂದು ತನ್ನಷ್ಟಕ್ಕ ತಾನು ಹೆಂಗೋ ಬಡಕೊಳ್ಳಾಕತ್ತೈತಿ. ಇಂಜೆಕ್ಷನ್ ಕೊಟ್ರೂ ಬಡಿತ ಏರವಲ್ದು. ವಿಜಯಪುರಕ್ಕ ಒಯ್ದು ಪೇಸ್‌ಮೇಕರ್ ಹಾಕಿಸ್ಬೇಕು. ಆಂಬುಲೆನ್ಸ್ ಬರೂತನಕ ತಡದ್ರ ಸಾಕು."

ನಾನು ಕಲಿಸುವ ಪಾಠವೇ ಅದು. ಅವತ್ತು ಒಂದಕ್ಷರವೂ ಕೆಲಸಕ್ಕೆ ಬರಲಿಲ್ಲ. ಅವ್ವನ ತಣ್ಣನೆಯ ಪಾದ ಹಿಡಿದು ಕೂತೆ. ಮಾನಿಟರು ಒಮ್ಮೆ ಟಿಕ್ ಅಂದರೆ, ಮತ್ತೆ ಅನ್ನುವವರೆಗೆ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಆಗ ಕಿಟಕಿಯ ಹೊರಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಬೇರೆ ರೋಗಿಯ ಕಡೆಯ ಹೆಂಗಸೊಬ್ಬಳು ಬೇವಿನ ಗಿಡದ ಕೆಳಗೆ ಒಲೆ ಹೂಡಿದ್ದಳು. ಸ್ವಲ್ಪ ಹೊತ್ತಿಗೆ ಮಾನಿಟರಿನ ಟಿಕ್ ಟಿಕ್ ಚುರುಕಾಯಿತು. ರೊಟ್ಟಿಯನ್ನು ಹಂಚಿಗೆ ಹಾಕಲು ಆಕೆ ಕೈ ನಿಲ್ಲಿಸಿದರೆ ಇದೂ ಕುಂಟುತ್ತಿತ್ತು. ಮತ್ತೆ ಬಡಿದರೆ ಮತ್ತೆ ಏರುತ್ತಿತ್ತು. ನರ್ಸು ತಂತಿಗಳನ್ನೆಲ್ಲ ಸರಿಮಾಡಿ ನೋಡಿದಳು. ನಾನು ಅವ್ವನ ಮಣಿಕಟ್ಟು ಹಿಡಿದು ನೋಡಿದೆ. ನಾಡಿಯೂ ಹಾಗೇ ಇತ್ತು.

ಆಮೇಲೆ ಸಪ್ಪಳ ಪೂರ್ತಿ ನಿಂತುಬಿಟ್ಟಿತು. ನಾನು ಹೊರಗೆ ಓಡಿದೆ.

"ಯಕ್ಕಾ, ಇನ್ನೊಂದೀಟು ಬಡಿಯಬೇ, ನಿನ್ನ ಕಾಲಿಗೆ ಬೀಳ್ತೇನಿ."

ಆಕೆ ಗಾಬರಿಯಾದಳು. "ಹಿಟ್ಟು ತೀರೇತ್ರಿ ಅಕ್ಕಾರ, ಏನ್ ಬಡೀಲಿ?"

ಆಕೆ ರೊಟ್ಟಿ ಬಡಿಯುತ್ತಿದ್ದ ತಗಡಿನ ಪರಾತ ಕಸಿದುಕೊಂಡು ಕಿಟಕಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಹಿಟ್ಟಿಲ್ಲದ ಪರಾತವನ್ನು ಬರಿಗೈಯಲ್ಲಿ ಬಡಿದೆ. ಹೋಗುಬರುವ ಜನ ನಿಂತು ನೋಡಿದರು, ನೋಡಲಿ! "ಏರಾಕತ್ತೈತ್ರಿ ಟೀಚರ್, ಬಿಡಬ್ಯಾಡ್ರಿ" ಎಂದು ಒಳಗಿನಿಂದ ನರ್ಸು ಕೂಗಿದಳು. ಆಂಬುಲೆನ್ಸ್ ಬರುವವರೆಗೂ ಅಳುತ್ತ ಬಡಿದೆ.

ಅವ್ವ ಉಳಿದಳು. ಈಗ ಅವಳ ಎದೆಯ ಚರ್ಮದೊಳಗೆ ಪುಟ್ಟ ಯಂತ್ರವೊಂದು ಕೂತು, ಇಳಿಯದ ಕರೆಂಟಿನ ಕೆಲಸ ಮಾಡುತ್ತಿದೆ. ಸಿಂದಗಿಯ ಡಾಕ್ಟರು ನನ್ನ ಕಥೆ ಕೇಳಿ ನಕ್ಕರು. "ಒಮ್ಮೊಮ್ಮಿ ತಾನ ಏರಿಳಿತೈತ್ರಿ. ನಿಮಗ ಹಂಗ ಅನಿಸಿರಬೇಕು" ಎಂದರು. ಇರಬಹುದು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ಮನೆಗೆ ಬಂದ ಮೇಲೆ ಒಂದು ದಿನ ಅವ್ವ ತಾನಾಗಿಯೇ ಕೇಳಿದಳು. ರೊಟ್ಟಿ ಸಪ್ಪಳದ ವಿಷಯ ಅವಳಿಗೆ ನಾವು ಯಾರೂ ಹೇಳಿರಲಿಲ್ಲ.

"ಮೊದಲಿನಾಕಿ ಕೈ ಭಾಳ ಚಂದಿತ್ತು ನೋಡವಾ. ಆಮ್ಯಾಲ ಬಡದಾಕಿ ಯಾರಬೇ? ತಾಳ ಇಲ್ಲ ಮೇಳ ಇಲ್ಲ. ಆಕಿ ಬೆನ್ನಹತ್ತಿ ನಡದು ನಡದು ನನಗ ಸಾಕಾಗಿತ್ತು."

"ನಾನಬೇ ಆಕಿ" ಎಂದೆ. ಅವ್ವ ನನ್ನ ಎರಡೂ ಅಂಗೈ ತಿರುಗಿಸಿ ನೋಡಿದಳು, ಬಹಳ ಹೊತ್ತು ಬಿಡಲೇ ಇಲ್ಲ.